ಸಾಖರಪುಡಾದ ಉಂಗುರ

1972ರ ಬರಗಾಲ. ಸೊಲ್ಲಾಪುರ ಸೀಮೆಯ ಜೋಳ ಒಣಗಿತು. ನಮ್ಮ ಅಂಗಡಿಯ ಉದ್ರಿಯೂ ಮುಳುಗಿತು. ಆಗಲೇ ಅಕ್ಕನ ಸಾಖರಪುಡಾ ಬಂತು. ವರನಿಗೆ ಉಂಗುರ ಹಾಕಲು ದುಡ್ಡಿಲ್ಲ. ತಿಜೋರಿಯಲ್ಲಿ ಮಂದಿಯ ಗಿರವಿ ಬಂಗಾರವಿತ್ತು. “ಅದರಾಗಿಂದ ಒಂದು ಹಾಕ್ರಿ, ಸುಗ್ಗಿಗೆ ತಿರುಗಿ ಇಟ್ಟರಾತು” ಎಂದರು ಆಪ್ತರು.

“ಅಚೌರ್ಯ ವ್ರತ ತಗೊಂಡೇನಿ, ಮಂದೀದು ಮುಟ್ಟಂಗಿಲ್ಲ” ಎಂದ ತಂದೆಯವರು ಬಸದಿಗೆ ಹೋಗಿ ಪಂಚನಮಸ್ಕಾರ ಮಂತ್ರದ ಜಪಕ್ಕೆ ಕುಳಿತರು. ಮನೆಗೆ ಬಂದಾಗ ತಾಯಿಯವರು ತಮ್ಮ ಬೆರಳಿನ ಉಂಗುರವನ್ನೇ ಬಿಚ್ಚಿ ಕೊಟ್ಟರು. ಪತ್ತಾರರು ಅದನ್ನು ವರನ ಅಳತೆಗೆ ಹಿಗ್ಗಿಸಿದರು. ಬೀಗರು ತೂಕ ಕೇಳಲಿಲ್ಲ.

ತಾಯಿಯವರ ಬೆರಳು ಕಡೆತನಕ ಬರಿದೇ ಇತ್ತು. ಲಗ್ನದ ಖರ್ಚಿಗೆ ಕೈ ಹಾಕುವಾಗಲೆಲ್ಲ ನಾವು ಆ ಬೆರಳನ್ನು ನೆನೆಯುತ್ತೇವೆ. ಸಾಲ ಮಾಡದೆ, ಇದ್ದುದರಲ್ಲೇ ಶುಭಕಾರ್ಯ ಸಾಗಿಸಿರೆಂದು ಬಾಂಧವರಲ್ಲಿ ನಮ್ಮ ವಿನಂತಿ.