ಸಹಕಾರಿ ತಿಜೋರಿಯ ಹೊಸ ಕೀಲಿ

೧೯೦೫ನೆಯ ಇಸವಿಯಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರ ಒಕ್ಕಲಿಗರನ್ನು ಒಂದುಗೂಡಿಸಿ ಪತ್ತಿನ ಸಂಘವನ್ನು ಸ್ಥಾಪಿಸಿದ ಸಂಗತಿಯು ನಮ್ಮ ನಾಡಿಗೆ ಭೂಷಣಪ್ರಾಯವಾದುದು. ಭರತಖಂಡದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವೆಂಬ ಹೆಸರನ್ನು ಅದು ಪಡೆದಿದೆ. ಅಂದಿನ ಕಾಲದಲ್ಲಿ ಇಂಥ ಸಂಘಕ್ಕೆ ಒಂದು ಗಟ್ಟಿಯಾದ ಪೆಟ್ಟಿಗೆ, ಒಂದು ಕೀರ್ದಿ ಖಾತೆ, ನಾಲ್ವರು ಪ್ರಾಮಾಣಿಕ ಪಂಚರು ಇದ್ದರೆ ಸಾಕಾಗುತ್ತಿತ್ತು. ಕಳ್ಳನು ಬರಬೇಕಾದರೆ ಗೋಡೆಯನ್ನು ಕೊರೆದೇ ಬರಬೇಕಾಗಿತ್ತು.

ಈಗ ಆ ಕೀರ್ದಿಯು ಗಣಕಯಂತ್ರವನ್ನು ಸೇರುತ್ತಿದೆ. ೨೦೨೨ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಸುಧಾರಣೆಯನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಯಂತ್ರವು ಬಂದಷ್ಟು ವೇಗದಲ್ಲಿ ಅದರ ಕಾವಲು ಬಂದಿದೆಯೇ ಎಂಬ ಪ್ರಶ್ನೆಯನ್ನು ಕೇಳದೆ ಇರಲಾರೆವು.

ಅಪಾಯವು ಕಾಲ್ಪನಿಕವಲ್ಲ. ೨೦೧೮ರ ಆಗಸ್ಟ್ ತಿಂಗಳಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು ೯೪ ಕೋಟಿ ರೂಪಾಯಿಗಳು ಎರಡು ದಿನಗಳ ವ್ಯವಹಾರದಲ್ಲಿ ಮಾಯವಾದವು. ೨೮ ದೇಶಗಳ ಎಟಿಎಂಗಳಲ್ಲಿ ಹಣವನ್ನು ತೆಗೆಯಲಾಗಿತ್ತು. ಪುಣೆಯು ದೂರವೆನ್ನುವವರು ಮುಂಡರಗಿಯಿಂದ ತುಂಗಭದ್ರೆಯ ಆಚೆಯ ದಂಡೆಯನ್ನು ನೋಡಲಿ. ೨೦೨೫ರ ಜನವರಿಯಲ್ಲಿ ಹೊಸಪೇಟೆಯಲ್ಲಿರುವ ಬಳ್ಳಾರಿ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ಎರಡು ಕೋಟಿಗೂ ಮಿಕ್ಕಿದ ಹಣವು ಅನ್ಯರ ಖಾತೆಗಳಿಗೆ ಹರಿದುಹೋಯಿತು. ವರ್ಗಾವಣೆಯ ಕಡತಗಳಲ್ಲಿ ಹಣ ಪಡೆಯುವವರ ಹೆಸರು ಹಾಗೆಯೇ ಇದ್ದು, ಖಾತೆಯ ಸಂಖ್ಯೆಗಳು ಮಾತ್ರ ಬದಲಾಗಿದ್ದವೆಂದು ವರದಿಯಾಯಿತು. ಹೆಸರನ್ನಷ್ಟೇ ನೋಡಿ ರುಜು ಹಾಕುವ ಅಧಿಕಾರಿಯ ಕಣ್ಣಿಗೆ ಇಂಥ ಮೋಸವು ಹೇಗೆ ಬೀಳಬೇಕು?

ಇದಕ್ಕೆ ಪರಿಹಾರವು ಮಾನಕಗಳಲ್ಲಿ ಇದೆಯೆಂದು ತಜ್ಞರು ಹೇಳುತ್ತಾರೆ. ಮಾನಕವೆಂದರೇನೆಂಬುದನ್ನು ಗದಗಿನ ಅರಳೆಯ ಪೇಟೆಯವರಿಗೆ ವಿವರಿಸಬೇಕಾಗಿಲ್ಲ. ಸರಕಾರದ ಮುದ್ರೆಯಿಲ್ಲದ ತೂಕದ ಕಲ್ಲನ್ನು ಯಾವ ರೈತನೂ ನಂಬನು. ಸೈಬರ್ ಸುರಕ್ಷತೆಗೂ ಇಂಥದೇ ಮುದ್ರೆ ಬೇಕು. ರಿಜರ್ವ್ ಬ್ಯಾಂಕು ೨೦೧೮ರ ಅಕ್ಟೋಬರಿನಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಮೂಲ ನಿಯಮಗಳನ್ನು ವಿಧಿಸಿತು. ೨೦೧೯ರ ಡಿಸೆಂಬರಿನಲ್ಲಿ ಅವುಗಳನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿ, ಜಾಲದ ಸಂಪರ್ಕವು ಹೆಚ್ಚಿದಂತೆ ಕಟ್ಟುಪಾಡುಗಳೂ ಹೆಚ್ಚುವಂತೆ ಮಾಡಿತು. ಇದು ವಿವೇಕದ ಕ್ರಮ. ಆದರೆ ಈ ನಿಯಮಗಳು ಲಕ್ಷ್ಮೇಶ್ವರ ಶಿರಹಟ್ಟಿಗಳಂಥ ಊರುಗಳ ಸಣ್ಣ ಪತ್ತಿನ ಸಂಘಗಳನ್ನೂ ಸೌಹಾರ್ದ ಸಂಘಗಳನ್ನೂ ಕಟ್ಟುವದಿಲ್ಲ. ಅವು ರಾಜ್ಯದ ಕಾಯಿದೆಗಳ ಅಧೀನ. ಬಡವನ ಉಳಿತಾಯವು ಇರುವದು ಬಹುಮಟ್ಟಿಗೆ ಅಲ್ಲಿಯೇ ಎಂಬುದನ್ನು ಅಧಿಕಾರಸ್ಥರು ಮರೆಯಬಾರದು.

ಇನ್ನೊಂದು ಮಾತು. ಬರೆದಿಟ್ಟ ಮಾನಕವೆಲ್ಲ ವೇದವಾಕ್ಯವಲ್ಲ. ಪಾಸ್‌ವರ್ಡನ್ನು ಆಗಾಗ ಬದಲಿಸಬೇಕೆಂಬ ಕಟ್ಟಳೆಯು ಜಗತ್ತಿನ ಕಚೇರಿಗಳಲ್ಲೆಲ್ಲ ಬಹುಕಾಲ ನಡೆದುಬಂದಿತು. ೨೦೧೦ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಾರು ಖಾತೆಗಳ ಹಳೆಯ ಪಾಸ್‌ವರ್ಡುಗಳನ್ನು ಪರೀಕ್ಷಿಸಿ, ಹಳೆಯದು ತಿಳಿದರೆ ಹೊಸದನ್ನು ಊಹಿಸುವದು ಅನೇಕ ವೇಳೆ ಸುಲಭವೆಂದು ತೋರಿಸಿದರು; ಜನರು ಕೊನೆಯ ಒಂದು ಅಂಕಿಯನ್ನಷ್ಟೇ ತಿರುಗಿಸುತ್ತಿದ್ದರು. ೨೦೧೭ರಲ್ಲಿ ಆ ದೇಶದ ರಾಷ್ಟ್ರೀಯ ಮಾನಕ ಸಂಸ್ಥೆಯು, ಕಾರಣವಿಲ್ಲದೆ ಪಾಸ್‌ವರ್ಡನ್ನು ಬದಲಿಸಲು ಬಲಾತ್ಕರಿಸಬಾರದೆಂದು ತನ್ನ ಮಾರ್ಗಸೂಚಿಯನ್ನು ತಿದ್ದಿತು. ಶೋಧನೆಯಿಲ್ಲದ ಮಾನಕವು ಬರಿಯ ಆಚಾರವಾಗುವದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಹಾಗಾದರೆ ನಮ್ಮ ಜಿಲ್ಲೆಯ ಸಂಘಕ್ಕೆ ತಕ್ಕ ಮಾನಕವನ್ನು ಶೋಧಿಸುವವರು ಯಾರು? ಕಾರ್ಯದರ್ಶಿಯೊಬ್ಬನೇ ಗುಮಾಸ್ತನೂ ಖಜಾಂಚಿಯೂ ಆಗಿರುವಲ್ಲಿ, ಮುಂಬಯಿಯ ಮಹಾಬ್ಯಾಂಕಿಗಾಗಿ ಬರೆದ ಇಂಗ್ಲಿಷ್ ಕೈಪಿಡಿಯು ಕಪಾಟಿನ ಧೂಳಿಗೆ ಆಹಾರವಾಗುವದೇ ಹೊರತು ಕಾವಲಾಗದು. ಸಾಧನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರಾಜ್ಯದ ಸೈಬರ್ ಸುರಕ್ಷತಾ ಕೇಂದ್ರವಿದೆ. ಧಾರವಾಡದಲ್ಲಿ ಐಐಟಿ ಇದೆ. ಗದಗಿನಲ್ಲಿಯೇ ಇಂಜಿನಿಯರಿಂಗ್ ಕಾಲೇಜೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಇವೆ. ಇವು ಕೂಡಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕೆಲವು ಸಂಘಗಳಲ್ಲಿ ಒಂದು ವರ್ಷ ಕುಳಿತು, ಯಾವ ನಿಯಮವು ನಡೆಯುತ್ತದೆ, ಯಾವುದು ನಡೆಯದು ಎಂಬುದನ್ನು ಪರೀಕ್ಷಿಸಲಿ. ಅದರಿಂದ ಹೊರಬರುವ ಮಾನಕವು ಕನ್ನಡದಲ್ಲಿ ಇರತಕ್ಕದ್ದು. ಹಣ ಕಳುಹಿಸುವಾಗ ಇಬ್ಬರು ಬೇರೆ ಬೇರೆಯಾಗಿ ಖಾತೆಯ ಸಂಖ್ಯೆಯನ್ನು ತಾಳೆ ನೋಡುವದು, ಲೆಕ್ಕದ ಪ್ರತಿಯೊಂದನ್ನು ಜಾಲದಿಂದ ದೂರವಿರಿಸುವದು, ಕೆಲಸ ಬಿಟ್ಟವನ ಪ್ರವೇಶವನ್ನು ಅಂದೇ ರದ್ದು ಮಾಡುವದು—ಇಂಥ ಸರಳ ಕಟ್ಟಳೆಗಳೇ ಅದರ ಮೊದಲ ಮೆಟ್ಟಿಲಾಗಲಿ. ಸಹಕಾರ ಇಲಾಖೆಯ ಲೆಕ್ಕಪರಿಶೋಧಕರು ನಗದನ್ನು ಎಣಿಸುವಂತೆ ಇವನ್ನೂ ಎಣಿಸಲಿ.

ಕೊನೆಯದಾಗಿ ಸಂಘಗಳ ಆಡಳಿತ ಮಂಡಳಿಗಳಿಗೆ ನಮ್ಮದೊಂದು ವಿಜ್ಞಾಪನೆ. ಕಳವಾದರೆ ಮಾನ ಹೋದೀತೆಂದು ಮುಚ್ಚಿಡುವ ಚಾಳಿಯು ಕಳ್ಳನಿಗೇ ಸಹಾಯ. ಸೈಬರ್ ದಾಳಿಯು ತಿಳಿದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೆರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲಿನಲ್ಲಿ ಆಜ್ಞಾಪಿಸಿದೆ. ಒಂದು ಸಂಘದ ನಷ್ಟವು ಬೇಗ ತಿಳಿದರೆ ಹತ್ತು ಸಂಘಗಳು ಉಳಿದಾವು; ಶೋಧಕರಿಗೂ ಅದೇ ಪಾಠದ ಪುಸ್ತಕ. ಒಬ್ಬನ ಕಷ್ಟಕ್ಕೆ ಎಲ್ಲರೂ ಹೆಗಲು ಕೊಡುವದೇ ಸಹಕಾರದ ತತ್ತ್ವವಾಗಿದ್ದರೆ, ಎಚ್ಚರಿಕೆಯನ್ನು ಹಂಚಿಕೊಳ್ಳುವದೂ ಸಹಕಾರವೇ. ದೇಶಕ್ಕೆ ಸಹಕಾರದ ಮೇಲ್ಪಂಕ್ತಿಯನ್ನು ಹಾಕಿಕೊಟ್ಟ ಈ ಜಿಲ್ಲೆಯು ಅದರ ರಕ್ಷಣೆಯ ಮಾದರಿಯನ್ನೂ ಹಾಕಿಕೊಡಲೆಂದು ನಾವು ಹಾರೈಸುತ್ತೇವೆ.