ಹೊರಗೆ ಹಿಮ, ಮನಸ್ಸಲ್ಲಿ ಕಾಪು ಬೀಚ್

ಸ್ನೋ ಅಂದ್ರೆ ಸಿನಿಮಾ ಹಾಡು ಅಂದುಕೊಂಡು ನ್ಯೂಯಾರ್ಕ್ ರಾಜ್ಯದ ನಮ್ಮ ಬಫಲೋಗೆ ಬಂದವರಿಗೆ ಮೊದಲ ಚಳಿಗಾಲದಲ್ಲೇ ಪಾಠ ಆಗುತ್ತೆ. ಡಿಸೆಂಬರಿನಲ್ಲೂ ಈರಿ ಸರೋವರದ ನೀರು ಗಾಳಿಗಿಂತ ಬೆಚ್ಚಗಿರುತ್ತೆ. ಅದರ ಮೇಲೆ ಬೀಸೋ ಕೊರೆಯುವ ಗಾಳಿ ತೇವ ಹೀರಿಕೊಂಡು ಬಂದು ಊರಿನ ಮೇಲೆ ಹಿಮ ಸುರಿಸುತ್ತೆ. 2022ರ ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿ 4 ಅಡಿಗೂ ಹೆಚ್ಚು ಹಿಮ ಬಿದ್ದು, 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕಾರಲ್ಲಿ ಸಿಕ್ಕಿಹಾಕಿಕೊಂಡವರು, ಹಿಮ ಎತ್ತುವಾಗ ಹೃದಯ ನಿಂತವರು ಅವರಲ್ಲಿದ್ದರು.

ಹಾಗಾಗಿ ಹೊಸದಾಗಿ ಬರೋ ನಮ್ಮವರಿಗೆ ಹೇಳೋದಿಷ್ಟೇ. ಡ್ರೈವಿಂಗ್ ಬ್ಯಾನ್ ಅಂದ್ರೆ ಮನೆಯಲ್ಲೇ ಇರಿ. ಹಾಲು ಮುಗಿದಿದ್ದರೆ ಬ್ಲ್ಯಾಕ್ ಟೀ ಕುಡಿಯಿರಿ. ಕಾರು ಸ್ಟಾರ್ಟ್ ಮಾಡೋ ಮೊದಲು ಸೈಲೆನ್ಸರ್ ಸುತ್ತಲಿನ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕಾರೊಳಗೆ ತುಂಬಬಹುದು. ಸಲಿಕೆ ಹಿಡಿದರೆ ಸ್ವಲ್ಪ ಸ್ವಲ್ಪವೇ ಎತ್ತಿ, ನಡುನಡುವೆ ನಿಂತು ಸುಧಾರಿಸಿಕೊಳ್ಳಿ.

ಉಳಿದ ಹೊತ್ತು ಕನಸು ಕಾಣಿ, ಅದಕ್ಕೇನೂ ಬ್ಯಾನ್ ಇಲ್ಲ! ನನ್ನ ಟಿಕೆಟ್ ಹುಡುಕಾಟ ಪ್ರತಿ ಸಲ ಫ್ಲೋರಿಡಾದಲ್ಲಿ ಶುರುವಾಗಿ ಮಂಗಳೂರಲ್ಲಿ ನಿಲ್ಲುತ್ತೆ. ಕಾಪು ಲೈಟ್‌ಹೌಸ್ ಕೆಳಗಿನ ಬಿಸಿ ಮರಳು, ಕೈಯಲ್ಲೊಂದು ಬೊಂಡ. ಊರಲ್ಲಿದ್ದಾಗ ಬೈದುಕೊಳ್ಳುತ್ತಿದ್ದ ಸೆಖೆಯೂ ಈಗ ಬೇಕು ಅನಿಸುತ್ತೆ. ಟಿಕೆಟ್ ಖಂಡಿತ ಬುಕ್ ಮಾಡಿ. ಆದ್ರೆ ಹಿಮಗಾಳಿ ಬೀಸೋ ದಿನ ಏರ್‌ಪೋರ್ಟ್‌ಗೆ ಓಡಬೇಡಿ. ಒಂದು ವಾರ ತಡವಾದ್ರೆ ಕಾಪು ಕಡಲೇನೂ ಬತ್ತಿ ಹೋಗಲ್ಲ.