ಗುಜರಿಗೆ ಹಾಕುವ ಮುನ್ನ

ಸೋದರಿಯರೇ, ಅಟ್ಟದಲ್ಲಿ ಅಜ್ಜನ ಕಾಲದ ಬ್ಯಾರೋಮೀಟರ್ ಸಿಕ್ಕಿತೇ? ಮುಳ್ಳು ಸದಾ ‘ಸ್ಟಾರ್ಮಿ’ಗಿಂತಲೂ ಕೆಳಗೇ ನಿಂತಿದೆ, ಕೆಟ್ಟುಹೋಗಿದೆ ಅಂತ ಗುಜರಿಗೆ ಹಾಕಬೇಡಿ. ಅದರ ಮೇಲಿನ ಬರಹ ಸಮುದ್ರಮಟ್ಟದ ಊರುಗಳಿಗಾಗಿ ಬರೆದದ್ದು. ಅಲ್ಲಿ ಗಾಳಿಯ ಒತ್ತಡ ಸುಮಾರು 30 ಅಂಗುಲ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 27 ಅಷ್ಟೇ!

ಪರೀಕ್ಷೆ ಸುಲಭ. ಮಳೆಯಿಲ್ಲದ ದಿನ ಬೆಳಿಗ್ಗೆ 10ಕ್ಕೊಮ್ಮೆ, ಸಂಜೆ 4ಕ್ಕೊಮ್ಮೆ ಗಾಜನ್ನು ಮೆಲ್ಲಗೆ ತಟ್ಟಿ ನೋಡಿ. ಸಂಜೆ ಮುಳ್ಳು ಕೂದಲೆಳೆಯಷ್ಟು ಇಳಿದಿದ್ದರೆ ಅದಕ್ಕೆ ಜೀವ ಇದೆ ಎಂದೇ ಅರ್ಥ.

ಉದ್ದನೆಯ ಗಾಜಿನ ಕೊಳವೆಯದಾದರೆ ಮಾತ್ರ ಜೋಕೆ, ಒಳಗಿರುವುದು ಪಾದರಸ. ಅದನ್ನು ಅಡ್ಡ ಮಲಗಿಸಬೇಡಿ. ಅಕಸ್ಮಾತ್ ಒಡೆದರೆ ಪೊರಕೆ ಹಿಡಿಯಬೇಡಿ; ಕಿಟಕಿ ತೆರೆದು, ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಅದರ ಆವಿ ಕಣ್ಣಿಗೆ ಕಾಣದು, ಆದರೆ ವಿಷ.